ಬಯಲ ಮಿಗಗಳ ಬೆನ್ನುಹತ್ತಿ

ಗಂಗಾವತಿಯಿಂದ ಕೊಪ್ಪಳಕ್ಕೆ ಹೋಗುವ ದಾರಿಯಲ್ಲಿ ಹಿರೇಬೆಣಕಲ್ ಎಂಬ ಊರಿದೆ. ಅದರ ಹಿಂದಿನ ಗುಡ್ಡ ಹತ್ತುವವರಲ್ಲಿ ಹೆಚ್ಚಿನವರು ಹೋಗುವುದು ಮೋರೇರ ಮನೆಗಳನ್ನು ನೋಡಲು. ಸುತ್ತ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಬ್ಬಿಣ ಯುಗದ ಜನ ಕಟ್ಟಿದ ನಾನೂರಕ್ಕೂ ಹೆಚ್ಚು ಶಿಲಾಗೋರಿಗಳು ಅಲ್ಲಿವೆ. ಹತ್ತೊಂಬತ್ತನೇ ಶತಮಾನದಲ್ಲೇ ಫಿಲಿಪ್ ಮೆಡೋಸ್ ಟೇಲರ್ ಈ ನೆಲೆಯ ಸುದ್ದಿಯನ್ನು ಹೊರಲೋಕಕ್ಕೆ ಮುಟ್ಟಿಸಿದ್ದ. ಆದರೆ ಅದೇ ಗುಡ್ಡದಲ್ಲಿ, ಮುಂದಕ್ಕೆ ಚಾಚಿದ ಬಂಡೆಗಳ ಅಡಿಯಲ್ಲಿ, ಇನ್ನೊಂದು ಸಂಪತ್ತಿದೆ. ಕೆಮ್ಮಣ್ಣಿನಲ್ಲಿ ಬರೆದ ಜಿಂಕೆಗಳು, ಕುದುರೆಗಳು, ಆಯುಧ ಹಿಡಿದ ಮನುಷ್ಯರು, ಕೈ ಹಿಡಿದು ಕುಣಿಯುವ ಮನುಷ್ಯರು. ಕಾಡಿನ ಮಿಗವನ್ನು ಕಂಡು, ಕಂಡದ್ದನ್ನು ಉಳಿಸಿಕೊಳ್ಳಬೇಕೆಂಬ ಆಸೆಗೆ ಈ ಸೀಮೆಯಲ್ಲಿ ಸಿಗುವ ಹಳೆಯ ಸಾಕ್ಷಿಗಳಲ್ಲಿ ಇವೂ ಸೇರಿವೆ.

ರಜೆ ಹಾಕಿ ಪ್ರಾಣಿ ನೋಡಲು ಹೊರಟ ಕನ್ನಡಿಗರ ಗಾಡಿ ಸಾಮಾನ್ಯವಾಗಿ ಬಂಡೀಪುರ, ನಾಗರಹೊಳೆ, ಕಬಿನಿಯ ಕಡೆ ತಿರುಗುತ್ತದೆ. ಉತ್ತರದವರದಾದರೆ ದಾಂಡೇಲಿಯ ಕಡೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದರೆ ಭತ್ತದ ಗದ್ದೆ, ಕೋಟೆ, ಬಿಸಿಲು, ಗ್ರಾನೈಟ್, ಅಂಜನಾದ್ರಿ ಎಂದಷ್ಟೇ ನೆನಪು. ಕಾಡೆಂದರೆ ಎತ್ತರದ ಮರ, ದಟ್ಟ ನೆರಳು, ಆನೆ, ಹುಲಿ ಎಂದು ಎಣಿಸಿದ ಕಣ್ಣಿಗೆ ಈ ಸೀಮೆ ಬರಿದಾಗಿ ಕಾಣುತ್ತದೆ. ಆದರೆ ಇಲ್ಲಿನ ಮಿಗಗಳಿಗೆ ಮರದ ಮರೆ ಬೇಕಿಲ್ಲ. ತೋಳ, ಕತ್ತೆಕಿರುಬ, ಬಯಲುನರಿ, ಚಿಗರಿ, ಕರಡಿ, ಚಿರತೆ, ನೀರುನಾಯಿ ಇವೆಲ್ಲ ಬಂಡೆ, ಹಳ್ಳ, ಹುಲ್ಲು, ಹೊಲಗಳ ನಡುವೆಯೇ ಬದುಕು ಕಟ್ಟಿಕೊಂಡವು. ಅವುಗಳನ್ನು ಯಾರು, ಯಾವ ಕಾಲದಲ್ಲಿ, ಯಾವ ಕಾರಣಕ್ಕೆ ನೋಡಿದರು ಎಂಬ ಚರಿತ್ರೆಯೇ ಅವು ಇಂದು ಎಷ್ಟು ಉಳಿದಿವೆ ಎಂಬುದಕ್ಕೂ ಉತ್ತರ ಕೊಡುತ್ತದೆ.

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ಭಾಗವನ್ನು ಹಳಬರು ಎಡೆದೊರೆ ನಾಡು ಎಂದರು. ನಿಜಾಮನ ಕಾಲದಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಿನಲ್ಲಿದ್ದವು. 1948ರಲ್ಲಿ ಹೈದರಾಬಾದ್ ವಿಮೋಚನೆಯಾಯಿತು. 1956ರಲ್ಲಿ ಕನ್ನಡ ನಾಡು ಒಂದಾದಾಗ ಇದೂ ಸೇರಿತು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಕುಷ್ಟಗಿ, ಯಲಬುರ್ಗಾ ಕಡೆ ಎರೆಯೂ ಮಸಾರಿಯೂ ಬೆರೆತ ಬಯಲು. ಸಜ್ಜೆ, ಜೋಳ, ಹೆಸರು, ಕಡಲೆಯ ಹೊಲಗಳ ನಡುವೆ ಕುರುಚಲು ಗುಡ್ಡಗಳು. ಗಂಗಾವತಿ, ಆನೆಗೊಂದಿ ಕಡೆ ಒಂದರ ಮೇಲೊಂದು ಏರಿದ ಗ್ರಾನೈಟ್ ಬಂಡೆಗಳು, ಅವುಗಳ ಸಂದಿನಲ್ಲಿ ಗವಿಗಳು, ಪಕ್ಕದಲ್ಲೇ ನದಿ. ಬಯಲಿನವಕ್ಕೆ ಓಟವೇ ರಕ್ಷಣೆ, ಬಂಡೆಯವಕ್ಕೆ ಗವಿ, ಹೊಳೆಯವಕ್ಕೆ ಮಡು.

ಮೊದಲು ನೋಡಿದವರು ಬೇಟೆಗಾರರು. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇಟಗಿಯಲ್ಲಿ ಕಟ್ಟಿಸಿದ ದೇಗುಲ ಯಲಬುರ್ಗಾ ಸೀಮೆಯ ಹೆಮ್ಮೆ. ಅದೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ ಕೆಲವೇ ವರ್ಷಗಳ ಬಳಿಕ ಬರೆಸಿದ ಮಾನಸೋಲ್ಲಾಸದಲ್ಲಿ ಬೇಟೆಗೆಂದೇ ದೊಡ್ಡ ಭಾಗವಿದೆ. ಜಿಂಕೆಯ ಜಾತಿಗಳು, ಅವುಗಳ ನಡೆ, ಅವು ನೀರಿಗೆ ಬರುವ ಹೊತ್ತು, ಅಡಗಿ ಕೂರುವ ಬಗೆ, ಪಳಗಿಸಿದ ಸಿವಂಗಿಯನ್ನು ಹಿಂಡಿನ ಮೇಲೆ ಬಿಡುವ ವಿಧಾನ ಎಲ್ಲವೂ ಅದರಲ್ಲಿವೆ. ಸಿವಂಗಿಯಿಂದ ಚಿಗರಿ ಬೇಟೆಯಾಡುವುದನ್ನು ವಿವರವಾಗಿ ಬರೆದ ಹಳೆಯ ಗ್ರಂಥಗಳ ಸಾಲಿನಲ್ಲಿ ಇದಕ್ಕೆ ಮುಂಚೂಣಿಯ ಸ್ಥಾನವಿದೆ. ಕೊಲ್ಲುವುದಕ್ಕಾಗಿಯೇ ಆದರೂ ಬರೆದವರು ಮಿಗದ ಸ್ವಭಾವವನ್ನು ಆಳವಾಗಿ ಬಲ್ಲವರಾಗಿದ್ದರು ಎಂಬುದಕ್ಕೆ ಆ ಪುಟಗಳೇ ಸಾಕ್ಷಿ. ಇಂದು ಮರೆಯಲ್ಲಿ ಕೂತು ಕ್ಯಾಮೆರಾ ಹಿಡಿಯುವವನಿಗೂ ಬೇಕಾದ ತಿಳಿವಳಿಕೆ ಅದೇ: ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ನೀರು ಎಲ್ಲಿದೆ, ಹಿಂಡು ಯಾವ ಹೊತ್ತಿಗೆ ತಲೆ ಎತ್ತುತ್ತದೆ.

ವಿಜಯನಗರದ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಆನೆ, ಕುದುರೆಗಳ ಸಾಲಿನ ಜೊತೆ ಜಿಂಕೆ ಬೇಟೆಯ ದೃಶ್ಯಗಳೂ ಇವೆ. ಓಡುವ ಮಿಗ, ಬೆನ್ನುಹತ್ತಿದ ನಾಯಿ, ಬಿಲ್ಲು ಹಿಡಿದವರು. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಪೇಟೆಯಲ್ಲಿ ಮಾರುತ್ತಿದ್ದ ಗೌಜಲಹಕ್ಕಿ, ಲಾವಕ್ಕಿ, ಮೊಲಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಆ ಪೇಟೆಗೆ ಬಂದ ಬೇಟೆಯ ಹಕ್ಕಿ, ಮೊಲಗಳು ಸುತ್ತಲಿನ ಕುರುಚಲಿನಲ್ಲಿ ಇಂದಿಗೂ ಕಾಣುವ ಜೀವಿಗಳೇ. ಬೆಳಗ್ಗೆ ಸಾಣಾಪುರದ ಕೆರೆಯ ಹಿಂದಿನ ಗುಡ್ಡದಲ್ಲಿ ನಡೆದವರಿಗೆ ಗೌಜಲಹಕ್ಕಿಯ ಕೂಗು ಈಗಲೂ ತಪ್ಪುವುದಿಲ್ಲ.

ಪ್ರಾಣಿಗಳ ರೂಪ ಕೈಗೆ ಸಿಗುವಂತೆ ಮಾಡಿದ ಇನ್ನೊಂದು ಪರಂಪರೆ ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಬೆಳೆಯಿತು. ಅಲ್ಲಿನ ಚಿತ್ರಗಾರ ಮನೆತನಗಳು ಹಗುರ ಮರ ಕೆತ್ತಿ, ಬಣ್ಣ ಹಚ್ಚಿ ದೇವತೆಗಳನ್ನು ಮಾಡಿದಂತೆಯೇ ಗಿಳಿ, ಆನೆ, ಕಾಮಧೇನುಗಳನ್ನೂ ಮಾಡಿದವು. ಹಂಪಿಯ ವಿರೂಪಾಕ್ಷ ದೇಗುಲದ ಛಾವಣಿ ಚಿತ್ರಗಳನ್ನು ಬರೆದವರು ತಮ್ಮ ಹಿರಿಯರು ಎಂದು ಅವರು ನಂಬುತ್ತಾರೆ. ಪ್ರವಾಸಿ ಊರಿಗೆ ಒಯ್ಯುವ ಪ್ರಾಣಿಯ ನೆನಪು ಫೋಟೊಕ್ಕಿಂತ ಮೊದಲು ಈ ಗೊಂಬೆಗಳೇ ಆಗಿದ್ದವು.

ಹತ್ತೊಂಬತ್ತನೇ ಶತಮಾನದಲ್ಲಿ ನೋಟದ ಬಗೆ ಬದಲಾಯಿತು. ಕೊಂದ ಪ್ರಾಣಿಯನ್ನು ಅಳೆದು, ಹೆಸರಿಟ್ಟು, ಪಟ್ಟಿ ಮಾಡುವವರು ಬಂದರು. ಕರ್ನಲ್ ಸೈಕ್ಸ್ 1831ರಲ್ಲಿ ದಖ್ಖನ್ನಿನ ತೋಳವನ್ನು ವಿಜ್ಞಾನಕ್ಕೆ ಪರಿಚಯಿಸಿದ. ಭಾರತದ ಬಯಲು ತೋಳಕ್ಕೆ ಇಂದಿಗೂ ಇರುವ ಪ್ಯಾಲಿಪೀಸ್ ಎಂಬ ಹೆಸರು ಅವನು ಕೊಟ್ಟದ್ದು. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್, ಹಳಗನ್ನಡದ ಶಾಸನಗಳನ್ನು ಸಂಗ್ರಹಿಸಿದಷ್ಟೇ ಪ್ರೀತಿಯಿಂದ ಪ್ರಾಣಿಗಳನ್ನೂ ಗಮನಿಸಿದ. 1839ರಲ್ಲಿ ಅವನು ಪ್ರಕಟಿಸಿದ ಈ ಭಾಗದ ಸಸ್ತನಿಗಳ ಪಟ್ಟಿಯಲ್ಲಿ ಪ್ರಾಣಿಗಳ ಕನ್ನಡ ಹೆಸರುಗಳಿವೆ. ತೋಳಗಳು ಚಿಗರಿ ಹಿಂಡಿನ ಸುತ್ತ ಬೇರೆ ಬೇರೆ ದಿಕ್ಕಿನಲ್ಲಿ ಅಡಗಿ, ಸಮಯ ಸಾಧಿಸಿ ಎರಗುವ ಬಗೆಯನ್ನೂ ಅವನು ಬರೆದಿದ್ದಾನೆ. ಆ ಹೆಸರುಗಳನ್ನು ಹೇಳಿಕೊಟ್ಟವರು ಇಲ್ಲಿನ ಜನ, ಮುಖ್ಯವಾಗಿ ಹಗಲಿರುಳೂ ಬಯಲಿನಲ್ಲೇ ಇರುತ್ತಿದ್ದವರು. ಪಟ್ಟಿಯಲ್ಲಿ ಅವರ ಹೆಸರಿಲ್ಲ. ಅವರ ನುಡಿ ಮಾತ್ರ ಉಳಿದಿದೆ.

ಅಷ್ಟರಲ್ಲೇ ಬಂದೂಕಿನ ಕಾಲ ಬಲಿತಿತ್ತು. ಅಹಮದ್‌ನಗರದ ಬಯಲಿನಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬೊಬ್ಬನೇ 1809ರಿಂದ 1829ರವರೆಗೆ 961 ಎರೆಭೂತಗಳನ್ನು ಹೊಡೆದು ಲೆಕ್ಕ ಬರೆದಿಟ್ಟ. ಅದೇ ಬಯಲು ದಕ್ಷಿಣಕ್ಕೆ ಹರಡಿ ಕುಷ್ಟಗಿ, ಯಲಬುರ್ಗಾದ ಎರೆಹೊಲಗಳವರೆಗೂ ಬರುತ್ತದೆ. ಎತ್ತರಕ್ಕೆ ಕತ್ತು ಚಾಚಿ ನಡೆಯುತ್ತಿದ್ದ ಆ ಹಕ್ಕಿ ಕರ್ನಾಟಕದಲ್ಲಿ ಈಗ ಬೆರಳೆಣಿಕೆಗೆ ಇಳಿದಿದೆ. ಅದರ ಹೆಸರು ಕೇಳಿಬರುವುದು ತುಂಗಭದ್ರೆಯ ಆಚೆಯ ಸಿರುಗುಪ್ಪದ ಬಯಲಿನಲ್ಲಿ ಮಾತ್ರ. ತೋಳದ ಕಥೆ ಇನ್ನೂ ಕ್ರೂರ. ಬ್ರಿಟಿಷ್ ಆಡಳಿತ ಅದನ್ನು ಪೀಡೆಯ ಪಟ್ಟಿಗೆ ಸೇರಿಸಿ, ಕೊಂದವರಿಗೆ ಇನಾಮು ಕೊಟ್ಟಿತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರು ಸರ್ಕಾರಿ ದಾಖಲೆಗಳಿಂದ ತೆಗೆದ ಲೆಕ್ಕದ ಪ್ರಕಾರ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 2 ಲಕ್ಷ ತೋಳಗಳು ಸತ್ತವು. ಅದೇ ಅವಧಿಯಲ್ಲಿ ಸತ್ತ ಹುಲಿಗಳು 80 ಸಾವಿರಕ್ಕೂ ಹೆಚ್ಚು. ಹುಲಿಯ ಸಾವಿಗೆ ದೇಶ ಮರುಗಿತು. ತೋಳದ ಸಾವಿಗೆ ಬಹುಕಾಲ ಯಾರೂ ಮರುಗಲಿಲ್ಲ.

ಸಿವಂಗಿ ಈ ನೆಲದಿಂದ ಪೂರ್ತಿ ಅಳಿಯಿತು. ಎರಡನೇ ಮಹಾಯುದ್ಧದ ಬಳಿಕ ಜೀಪು, ಸರ್ಚ್‌ಲೈಟು ಹಿಡಿದ ಬೇಟೆ ದೇಶದ ಉದ್ದಗಲಕ್ಕೂ ಚಿಗರಿ ಹಿಂಡುಗಳನ್ನು ಕರಗಿಸಿತು. ಯುಗಾದಿಯ ಆಸುಪಾಸಿನ ಪಾರಿಬೇಟೆ ಹಳ್ಳಿಗಳಲ್ಲಿ ನಡೆದೇ ಇತ್ತು, ಆದರೆ ಕೋಲು, ಬಲೆ, ನಾಯಿಗಳ ಬೇಟೆಗೆ ಒಂದು ಮಿತಿಯಿತ್ತು. ಚಲಿಸುವ ಗಾಡಿಯಿಂದ ಹಾರುವ ಗುಂಡಿಗೆ ಆ ಮಿತಿ ಇರಲಿಲ್ಲ.

ಕ್ಯಾಮೆರಾ ಈ ಸೀಮೆಗೆ ಬಂದದ್ದು ಬೇಗನೇ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ವಿಜಯನಗರದ ಅವಶೇಷಗಳನ್ನು ಸೆರೆಹಿಡಿದ. ಭಾರತದ ಆರಂಭಕಾಲದ ಛಾಯಾಚಿತ್ರಗಳಲ್ಲಿ ಅವಕ್ಕೆ ದೊಡ್ಡ ಹೆಸರಿದೆ. ಆದರೆ ಆ ವಿಧಾನಕ್ಕೆ ಬೆಳಕು ಬಹಳ ಹೊತ್ತು ಬೀಳಬೇಕಿತ್ತು. ಅಲುಗದ ಗೋಪುರ, ಬಂಡೆ, ಕಂಬಗಳು ಚೆನ್ನಾಗಿ ಮೂಡಿದವು. ಓಡುವ, ಹಾರುವ ಜೀವ ಮೂಡಲು ಸಾಧ್ಯವೇ ಇರಲಿಲ್ಲ. ಕಾಡುಪ್ರಾಣಿಯನ್ನು ಅದರ ನೆಲೆಯಲ್ಲೇ ಹಿಡಿಯುವುದು ಭಾರತದಲ್ಲಿ ಹೆಸರಾದದ್ದು ಇನ್ನೂ ಏಳು ದಶಕಗಳ ಬಳಿಕ. ಉತ್ತರದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಕಾಲುದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿ ಅದನ್ನು ಮುಟ್ಟಿದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟ. 1927ರಲ್ಲಿ ಬಂದ ಅವನ ಪುಸ್ತಕ ಬಂದೂಕು ಬಿಟ್ಟು ಕ್ಯಾಮೆರಾ ಹಿಡಿಯಲು ಅನೇಕರಿಗೆ ಪ್ರೇರಣೆಯಾಯಿತು. ಇಂದು ತೋಳ, ಕತ್ತೆಕಿರುಬಗಳ ಇರವನ್ನು ಖಚಿತಪಡಿಸಲು ಕಾಲುದಾರಿಗಳಲ್ಲಿ ಇಡುವ ಕ್ಯಾಮೆರಾ ಟ್ರ್ಯಾಪ್ ಆ ತಂತಿಯ ಮುಂದುವರಿದ ರೂಪ.

ತುಂಗಭದ್ರೆಯ ಬಲದಂಡೆಯ ಸಂಡೂರು ಈ ಚರಿತ್ರೆಯಲ್ಲಿ ವಿಶೇಷ ಸ್ಥಾನ ಪಡೆದದ್ದು ಇಬ್ಬರಿಂದ. ತಮಿಳುನಾಡಿನ ಎಂ. ಕೃಷ್ಣನ್ 1942ರಿಂದ 1949ರವರೆಗೆ ಸಂಡೂರು ಸಂಸ್ಥಾನದ ಸೇವೆಯಲ್ಲಿದ್ದರು. ಶಾಲಾ ಮಾಸ್ತರಿಕೆ, ನ್ಯಾಯಾಧೀಶಗಿರಿ, ಪ್ರಚಾರದ ಕೆಲಸ ಎಲ್ಲವನ್ನೂ ಮಾಡುತ್ತ, ಬಿಡುವಿನಲ್ಲಿ ಸುತ್ತಲಿನ ಗುಡ್ಡಗಳ ಹಕ್ಕಿ, ಮಿಗಗಳನ್ನು ಗಮನಿಸುತ್ತ ಅವರು ಪ್ರಕೃತಿ ಬರಹಗಾರರಾಗಿ ಪಕ್ವವಾದರು. ಸಂಸ್ಥಾನ ವಿಲೀನವಾದ ಮೇಲೆ ಮದ್ರಾಸಿಗೆ ಮರಳಿದ ಅವರು 1950ರಿಂದ 1996ರಲ್ಲಿ ತೀರಿಕೊಳ್ಳುವವರೆಗೂ ಸ್ಟೇಟ್ಸ್‌ಮನ್ ಪತ್ರಿಕೆಗೆ ಅಂಕಣ ಬರೆದರು. ಬೇರೆ ಬೇರೆ ಕ್ಯಾಮೆರಾಗಳ ಭಾಗಗಳನ್ನು ಕೂಡಿಸಿ ತಾವೇ ಕಟ್ಟಿಕೊಂಡ ಭಾರದ ಯಂತ್ರದಿಂದ ಅವರು ತೆಗೆದ ಕಪ್ಪು–ಬಿಳುಪು ಚಿತ್ರಗಳು ಪ್ರಾಣಿಯ ಅಂದಕ್ಕಿಂತ ಅದರ ನಡವಳಿಕೆಗೆ ಹೆಚ್ಚು ಬೆಲೆ ಕೊಟ್ಟವು.

ಇನ್ನೊಬ್ಬರು ಸಂಡೂರಿನ ರಾಜಮನೆತನದವರೇ ಆದ ಎಂ. ವೈ. ಘೋರ್ಪಡೆ. 1931ರಲ್ಲಿ ಹುಟ್ಟಿದ ಅವರನ್ನು ಕರ್ನಾಟಕ ಹಣಕಾಸು ಸಚಿವರಾಗಿ, ಗ್ರಾಮೀಣಾಭಿವೃದ್ಧಿ ಸಚಿವರಾಗಿ ಬಲ್ಲದು. ಛಾಯಾಗ್ರಹಣದ ಲೋಕ ಅವರನ್ನು ಕಪ್ಪು–ಬಿಳುಪಿನ ದೊಡ್ಡ ಕಲಾವಿದರಾಗಿ ಬಲ್ಲದು. ವನ್ಯಜೀವಿ ಛಾಯಾಗ್ರಾಹಕನೊಬ್ಬನ ದಿನಚರಿಯ ರೂಪದಲ್ಲಿ ಅವರು ಬರೆದ ಇಂಗ್ಲಿಷ್ ಪುಸ್ತಕ 1983ರಲ್ಲಿ ಪ್ರಕಟವಾಯಿತು. ಬೆಂಗಳೂರಿನಲ್ಲಿ ಅದೇ ಹೊತ್ತಿಗೆ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಹೊಸ ತಲೆಮಾರನ್ನು ತಿದ್ದುತ್ತಿದ್ದರು. ರೋಲಿನಲ್ಲಿ ಮೂವತ್ತಾರು ಚಿತ್ರಕ್ಕಷ್ಟೇ ಜಾಗವಿದ್ದ ಆ ದಿನಗಳಲ್ಲಿ ಒಂದು ಸಲ ಗುಂಡಿ ಒತ್ತುವ ಮೊದಲು ಗಂಟೆಗಟ್ಟಲೆ ಕಾಯುವುದು ಅನಿವಾರ್ಯವಾಗಿತ್ತು. ಕಾಯುತ್ತ ಕಾಯುತ್ತ ಅವರು ಪ್ರಾಣಿಶಾಸ್ತ್ರವನ್ನೂ ಕಲಿತರು.

ಈ ನಡುವೆ ನೆಲವೇ ಬದಲಾಗಿತ್ತು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟು 1953ರ ಹೊತ್ತಿಗೆ ನೀರು ಹಿಡಿಯಿತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಬಯಲಿನಲ್ಲಿ ಓಡುತ್ತಿದ್ದ ಚಿಗರಿಗೆ ಕೆಸರುಗದ್ದೆ ಒಗ್ಗಲಿಲ್ಲ. ಅದು ಕಾಲುವೆ ತಲುಪದ ಯಲಬುರ್ಗಾ, ಕುಕನೂರು, ಕುಷ್ಟಗಿಯ ಒಣಹೊಲಗಳಲ್ಲಿ ಉಳಿಯಿತು. ಅತ್ತ ಹಿನ್ನೀರಿನ ಅಂಚಿಗೆ ಹೊಸ ಅತಿಥಿಗಳು ಬಂದರು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ನೀರಿನ ಬಳಿ ತಂಗಿ, ಸಂಜೆ ಹೊಲಗಳಿಗೆ ಮೇಯಲು ಹಾರುತ್ತವೆ. ದಕ್ಷಿಣ ದಂಡೆಯಾಚೆಯ ಅಂಕಸಮುದ್ರ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಗಿ, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಹಕ್ಕಿಯ ಚಿತ್ರ ತೆಗೆಯುವವರಿಗೆ ಈಗ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಈ ಹಿನ್ನೀರೇ ಯಾತ್ರಾಸ್ಥಳ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಯುಗಕ್ಕೆ ಕಾನೂನಿನ ಕೊನೆ ಹಾಡಿತು. ಕೊಲ್ಲಲು ಇನಾಮು ಕೊಡಿಸುತ್ತಿದ್ದ ತೋಳ ಈಗ ಅತಿ ಹೆಚ್ಚು ರಕ್ಷಣೆಯ ಮೊದಲ ಪರಿಶಿಷ್ಟದಲ್ಲಿದೆ. ಆದರೂ ಸುತ್ತಮುತ್ತ ಪ್ರಾಣಿಗೆಂದು ಗುರುತಿಸಿದ ಜಾಗ ಬಹುಕಾಲ ಇರಲಿಲ್ಲ. 1994ರಲ್ಲಿ ಸಂಡೂರು–ಹೊಸಪೇಟೆಯ ನಡುವೆ ದರೋಜಿ ಕರಡಿಧಾಮ ಆರಂಭವಾಯಿತು. ಮುಂದೆ ಬುಕ್ಕಸಾಗರದ ಕಾಡೂ ಸೇರಿ ಅದರ ವಿಸ್ತೀರ್ಣ 82.72 ಚದರ ಕಿಲೋಮೀಟರಿಗೆ ಏರಿತು. ಸಂಜೆಯ ಮೊದಲು ಅರಣ್ಯ ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರುತ್ತಾರೆ. ಗವಿಗಳಿಂದ ಕರಡಿಗಳು ಇಳಿದು ಬರುತ್ತವೆ. ದೂರದ ಗೋಪುರದಲ್ಲಿ ಪ್ರವಾಸಿಗಳು ಕಾಯುತ್ತಾರೆ. ಮರಿಯನ್ನು ಬೆನ್ನಮೇಲೆ ಹೊತ್ತು ಬಂಡೆ ಇಳಿಯುವ ತಾಯಿ ಕರಡಿಯ ಚಿತ್ರ ಸಿಗುವ ಇಂಥ ಜಾಗಗಳು ದೇಶದಲ್ಲಿ ವಿರಳ. ಸಿಹಿ ಇಟ್ಟು ಕರೆಯುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಕರಡಿಯ ಸಹಜ ಆಹಾರ ಗೆದ್ದಲು, ಇರುವೆ, ಬಾರಿ, ಕವಳಿ, ಉಲುಪಿ ಹಣ್ಣುಗಳು; ಕುರುಚಲಿನಲ್ಲಿ ಆ ಗಿಡಗಳು ಹೆಚ್ಚಿದಷ್ಟೂ ಕರಡಿ ಹೊಲಕ್ಕೆ ಇಳಿಯುವುದು ಕಡಿಮೆಯಾಗುತ್ತದೆ.

ಬಂಡೆಗುಡ್ಡಕ್ಕೆ ಬರುವ ಪಕ್ಷಿಪ್ರಿಯರು ಹುಡುಕುವುದು ಹಳದಿ ಕೊರಳಿನ ಪಿಕಳಾರವನ್ನು. ಭಾರತದ ದಕ್ಷಿಣ ಪ್ರಸ್ಥಭೂಮಿಯ ಬಂಡೆಗುಡ್ಡಗಳಲ್ಲಿ ಬಿಟ್ಟು ಲೋಕದ ಬೇರೆಲ್ಲೂ ಅದಿಲ್ಲ. ಬಣ್ಣದ ಚಿಟ್ಟುಕೋಳಿ, ಬಂಡೆಯ ಚಾಚಿನಲ್ಲಿ ಗೂಡುಮಾಡುವ ಕೊಂಬಿನ ಗೂಬೆ, ನಕ್ಷತ್ರ ಆಮೆ ಕೂಡ ಈ ಕಲ್ಲುಗಳ ಸಂಸಾರದವೇ. ಕೊಟ್ಟೂರಿನ ಸಮದ್ ಅವರಂಥ ಸ್ಥಳೀಯ ಛಾಯಾಗ್ರಾಹಕರು ವರ್ಷಗಟ್ಟಲೆ ಈ ಗುಡ್ಡ, ಕೆರೆಗಳನ್ನು ಅಲೆದು ಚಿತ್ರ ತೆಗೆದದ್ದರಿಂದಲೇ ಬಳ್ಳಾರಿ ಸೀಮೆಯೆಂದರೆ ಗಣಿಯಷ್ಟೇ ಅಲ್ಲ ಎಂಬುದು ಹೊರಗಿನವರಿಗೆ ತಿಳಿಯಿತು.

ನದಿಗೂ ಸರದಿ ಬಂತು. ಅಣೆಕಟ್ಟಿನ ಕೆಳಗಿನ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿಗೆಂದೇ ಇಂಥ ಮೀಸಲು ದೇಶದಲ್ಲಿ ಇದೇ ಮೊದಲು. ಇಲ್ಲಿ ಹೊಳೆ ಬಂಡೆಗಳ ನಡುವೆ ಹಲವು ಕವಲಾಗಿ ಹರಿಯುತ್ತದೆ. ಆ ಕವಲುಗಳ ನಡುಗಡ್ಡೆಗಳಲ್ಲಿ, ಜೊಂಡಿನ ಮರೆಯಲ್ಲಿ, ಕಲ್ಲುಪೊಟರೆಗಳಲ್ಲಿ ನೀರುನಾಯಿಗಳು ಕುಟುಂಬವಾಗಿ ವಾಸಿಸುತ್ತವೆ. ಅವುಗಳ ಚಿತ್ರ ಬೇಕೆಂದವರು ಬೆಳಕು ಹರಿಯುವ ಮೊದಲೇ ಆನೆಗೊಂದಿಯ ದಂಡೆಗೆ ಬರಬೇಕು. ಮೀನಿನ ಮುಳ್ಳು, ಹುರುಪೆ ಬೆರೆತ ಹಿಕ್ಕೆ ಬಿದ್ದ ಬಂಡೆ ಸಿಕ್ಕರೆ ಅದು ಅವುಗಳ ನಿತ್ಯದ ಕಟ್ಟೆಯೆಂದು ತಿಳಿಯಬೇಕು. ಹರಿಗೋಲು ಹಾಕುವ ಅಂಬಿಗರಿಗೆ ಆ ಬಂಡೆಗಳೆಲ್ಲ ಗೊತ್ತು. ತೋಟಾ ಸಿಡಿಸಿ ಮೀನು ಹಿಡಿಯುವುದು, ಬಿಟ್ಟುಹೋದ ಬಲೆಗಳು, ಮರಳು ತೆಗೆಯುವುದು, ಕಲ್ಲು ಒಡೆಯುವುದು ಇವೇ ನೀರುನಾಯಿಯ ಶತ್ರುಗಳು. ನೀರುನಾಯಿ ತಮ್ಮ ಪಾಲಿನ ಮೀನು ತಿನ್ನುತ್ತದೆ ಎಂಬ ಮೀನುಗಾರರ ಬೇಸರವೂ ಸುಳ್ಳಲ್ಲ. ಆದ್ದರಿಂದ ಅವರ ಬದುಕನ್ನು ಬಿಟ್ಟು ಈ ಮೀಸಲು ಪ್ರದೇಶ ನಿಲ್ಲಲಾರದು.

ಗಂಗಾವತಿ ತಾಲ್ಲೂಕಿನ ಬಂಕಾಪುರದ 332.68 ಹೆಕ್ಟೇರ್ ಕುರುಚಲು ಗುಡ್ಡ ತೋಳಧಾಮವಾದದ್ದು ಈಚಿನ ಬೆಳವಣಿಗೆ. ಜಾರ್ಖಂಡಿನ ಮಹುವಾಡಾಂಡ್ 1976ರಲ್ಲೇ ತೋಳಕ್ಕೆ ಮೀಸಲಾಗಿತ್ತು; ಅದರ ನಂತರ ದೇಶದಲ್ಲಿ ಎರಡನೆಯದು, ಕರ್ನಾಟಕದಲ್ಲಿ ಮೊದಲನೆಯದು ಬಂಕಾಪುರ. ಮುಳ್ಳುಗಿಡ, ಸಣ್ಣ ಗುಡ್ಡ, ಸಹಜ ಗವಿಗಳಿರುವ ಆ ನೆಲದಲ್ಲಿ ತೋಳಗಳ ಜೊತೆಗೆ ಚಿರತೆ, ನರಿ, ಮೊಲ, ನವಿಲುಗಳೂ ಇವೆ. 2025ರಲ್ಲಿ ಅಲ್ಲಿ ತೋಳವೊಂದು 8 ಮರಿ ಹಾಕಿದ ಸುದ್ದಿ ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂತು. ಒಂದು ಕಾಲಕ್ಕೆ ಮರಿಗಳನ್ನು ಗವಿಯಿಂದ ಅಗೆದು ತೆಗೆದು ಕೊಲ್ಲುತ್ತಿದ್ದ ಪ್ರಾಣಿಯ ಹೆರಿಗೆ ಸಂತೋಷದ ಸುದ್ದಿಯಾದದ್ದು ಸಣ್ಣ ಮಾತಲ್ಲ. ಇಡೀ ಭಾರತದಲ್ಲಿ ಉಳಿದಿರುವ ಬಯಲು ತೋಳಗಳ ಸಂಖ್ಯೆ ಮೂರು ಸಾವಿರದ ಆಸುಪಾಸು ಎಂದು ತಜ್ಞರು ಅಂದಾಜಿಸುತ್ತಾರೆ, ಹುಲಿಗಿಂತಲೂ ಕಡಿಮೆ.

ತೋಳ ಎಲ್ಲಿದೆ ಎಂದು ಎಲ್ಲರಿಗಿಂತ ಮೊದಲು ತಿಳಿಯುವವನು ಕುರಿಗಾಹಿ. ಕೆಂಗುರಿ ತಳಿಯ ತವರು ಈ ಸೀಮೆ. ಹಿಂಡು ಹೊಡೆದುಕೊಂಡು ಊರೂರು ತಿರುಗುವ ಕುರುಬರು ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸಿ ಗೊಬ್ಬರದ ಬದಲಿಗೆ ಕಾಳು, ಹಣ ಪಡೆಯುತ್ತಾರೆ. ತೋಳವೂ ಹಿಂಡಿನ ಹಿಂದೆ ಅದೇ ದಾರಿಯಲ್ಲಿ ನಡೆಯುತ್ತದೆ. ಚಿಗರಿ ಕಡಿಮೆಯಾದ ಮೇಲೆ ತೋಳದ ಹೊಟ್ಟೆ ತುಂಬಿಸಿದ್ದು ಬಹುಪಾಲು ಈ ಕುರಿಗಳೇ. ಒಂದೆರಡು ಕುರಿ ತೋಳದ ಪಾಲು ಎಂದು ಬಿಡುವ ಮನಸ್ಸೂ ಕುರಿಗಾಹಿಗಳಲ್ಲಿದೆ, ಒಂದೇ ರಾತ್ರಿ ಹಲವು ಮರಿ ಹೋದಾಗ ಗವಿಗೆ ಹೊಗೆ ಹಾಕುವ ಸಿಟ್ಟೂ ಇದೆ. ಛಾಯಾಗ್ರಾಹಕರಿಗೆ ತೋಳ ತೋರಿಸಬಲ್ಲವರು ಅವರೇ. ಕೆಸರಿನಲ್ಲಿ ನಾಯಿಯ ಹೆಜ್ಜೆಗೂ ತೋಳದ ಹೆಜ್ಜೆಗೂ ಇರುವ ವ್ಯತ್ಯಾಸ, ಹಳ್ಳದ ಯಾವ ದಂಡೆಯಲ್ಲಿ ಈ ವರ್ಷ ಗವಿಯಿದೆ ಎಂಬುದು ಅವರಿಗೆ ತಿಳಿದಷ್ಟು ಯಾವ ನಕ್ಷೆಗೂ ತಿಳಿಯದು. ಬೆಳಗೆದ್ದು ನರಿ ಮುಖ ನೋಡಿದರೆ ಒಳ್ಳೆಯದಾಗುತ್ತದೆ ಎಂದು ನಂಬಿ ಬಂದ ಜನ ಇವರು. ಪ್ರಾಣಿಯನ್ನು ಕಾಣುವುದೇ ಒಂದು ಭಾಗ್ಯ ಎಂಬ ಭಾವ ಇವರಿಗೆ ಹೊಸತಲ್ಲ.

ಈಗಿನ ಕ್ಯಾಮೆರಾ ಸೆಕೆಂಡಿಗೆ ಹತ್ತಾರು ಚಿತ್ರ ತೆಗೆಯುತ್ತದೆ. ದೂರದ ಮಸೂರ ಅರ್ಧ ಫರ್ಲಾಂಗಿನಾಚೆಯ ತೋಳದ ಕಣ್ಣನ್ನೂ ಹತ್ತಿರ ತರುತ್ತದೆ. ಚಿತ್ರ ಜಾಲತಾಣಕ್ಕೆ ಏರಿದ ದಿನವೇ ಜಾಗದ ಹೆಸರು ಹರಡಿ, ಮರುದಿನ ನಾಲ್ಕು ಗಾಡಿ ಬರುತ್ತವೆ. ದಖ್ಖನ್ನಿನಲ್ಲಿ ತೋಳ ಮರಿ ಹಾಕುವುದು ಹೆಚ್ಚಾಗಿ ಚಳಿಗಾಲದಲ್ಲಿ, ಅಂದರೆ ಹಂಪಿ–ಆನೆಗೊಂದಿಗೆ ಪ್ರವಾಸಿಗಳು ಕಿಕ್ಕಿರಿಯುವ ಕಾಲದಲ್ಲೇ. ಗವಿಯ ಬಳಿ ಜನ ಸುಳಿದರೆ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆಡೆ ಸಾಗಿಸುತ್ತದೆ. ಆ ದಾರಿಯಲ್ಲಿ ನಾಯಿಗಳಿವೆ, ರಸ್ತೆಗಳಿವೆ. ಧ್ವನಿಮುದ್ರಿತ ಕೂಗು ಹಾಕಿ ಗೂಬೆ, ಪಿಕಳಾರಗಳನ್ನು ಕರೆಯುವುದು, ಡ್ರೋನ್ ಹಾರಿಸುವುದು, ಗಾಡಿಯಿಂದ ಚಿಗರಿಯನ್ನು ಓಡಿಸಿ ಜಿಗಿತದ ಚಿತ್ರ ಹಿಡಿಯುವುದು ಇವೆಲ್ಲ ಹಳೆಯ ಜೀಪು ಬೇಟೆಯ ವರಸೆಗಳೇ. ಗವಿಯಿಂದ ದೂರವಿರುವುದು, ಗೂಡಿನ ಚಿತ್ರ ತೆಗೆಯದಿರುವುದು, ತೋಳ, ಕತ್ತೆಕಿರುಬಗಳ ನಿಖರ ಜಾಗ ಬರೆಯದಿರುವುದು ಈ ಸೀಮೆಗೆ ಬರುವ ಪ್ರತಿಯೊಬ್ಬರ ಕರ್ತವ್ಯ.

ಗುಡ್ಡದ ಚಿರತೆಯ ವಿಷಯದಲ್ಲಿ ಜಾಗ್ರತೆ ಇನ್ನೂ ಹೆಚ್ಚು ಬೇಕು. ಅಂಜನಾದ್ರಿಗೆ ಬರುವ ಭಕ್ತರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಅದೇ ಬಂಡೆಗಳಲ್ಲಿ ಚಿರತೆಗಳೂ ಇವೆ. 2020ರಲ್ಲಿ ಆನೆಗೊಂದಿಯ ಗುಡ್ಡದ ದುರ್ಗಾದೇವಿ ಗುಡಿಯ ಬಳಿ ಯುವಕನೊಬ್ಬ ಚಿರತೆ ದಾಳಿಗೆ ಬಲಿಯಾದಾಗ ಸುತ್ತಲ ಹಳ್ಳಿಗಳು ತಿಂಗಳುಗಟ್ಟಲೆ ಭಯದಲ್ಲಿದ್ದವು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬೊಬ್ಬರೇ ಬಂಡೆಗಳ ಸಂದಿಗೆ ನುಗ್ಗಿ ಚಿತ್ರ ಹುಡುಕುವುದು ಸಾಹಸವಲ್ಲ, ಊರಿಗೇ ಆಪತ್ತು ತರುವ ಕೆಲಸ. ಒಂದು ದುರ್ಘಟನೆ ಸಾಕು, ಸಿಟ್ಟು ಪ್ರಾಣಿಯ ಮೇಲೆ ತಿರುಗುತ್ತದೆ.

ಈ ನೆಲದ ಮಿಗಗಳಿಗೆ ದೊಡ್ಡ ಅಪಾಯ ಬಂದಿರುವುದು ಕಾಗದದಿಂದ. ಹುಲ್ಲುಗಾವಲು, ಕುರುಚಲುಗಳನ್ನು ಸರ್ಕಾರಿ ನಕ್ಷೆಗಳು ಬಂಜರು ಎಂದು ಗುರುತಿಸುತ್ತ ಬಂದಿವೆ. ಬಂಜರೆಂದ ಮೇಲೆ ಅಲ್ಲಿ ಕಲ್ಲುಗಣಿಯೂ ಬರಬಹುದು, ಕಾರ್ಖಾನೆಯೂ, ಸೌರಫಲಕವೂ, ಗಾಳಿಯಂತ್ರವೂ ಬರಬಹುದು. ಹಸಿರು ಮಾಡುವ ಹೆಸರಿನಲ್ಲಿ ನೀಲಗಿರಿ ತೋಪೂ ಏಳಬಹುದು. ಕುಷ್ಟಗಿಯ ಕೆಂಪು ಗ್ರಾನೈಟಿಗೆ ದೂರದೂರದಲ್ಲಿ ಬೇಡಿಕೆಯಿದೆ. ಯಲಬುರ್ಗಾದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಜನಕ್ಕೆ ಕೆಲಸವೂ ಬೇಕು, ವಿದ್ಯುತ್ತೂ ಬೇಕು. ಆದರೆ ಯಾವ ಗುಡ್ಡದಲ್ಲಿ ಕತ್ತೆಕಿರುಬದ ಗವಿಯಿದೆ, ಯಾವ ಹುಲ್ಲುಬಯಲಿನಲ್ಲಿ ಚಿಗರಿ ಮರಿ ಹಾಕುತ್ತದೆ ಎಂಬುದನ್ನು ನೋಡದೆ ಅನುಮತಿ ಕೊಡುವುದು ಇನಾಮು ಕೊಟ್ಟು ತೋಳ ಕೊಲ್ಲಿಸಿದಷ್ಟೇ ಹಾನಿ ಮಾಡುತ್ತದೆ. ಬಳ್ಳಾರಿ ಜಾಲಿ ಮುಚ್ಚಿಕೊಂಡ ಬಯಲು ಓಡುವ ಮಿಗಕ್ಕೆ ಒಗ್ಗುವುದಿಲ್ಲ. ಬೀದಿನಾಯಿಗಳ ಗುಂಪು ತೋಳದ ಬೇಟೆ ಕಸಿಯುವುದಲ್ಲದೆ ರೋಗವನ್ನೂ ತರುತ್ತದೆ, ತೋಳದೊಡನೆ ಕೂಡಿ ತಳಿಯನ್ನೂ ಕೆಡಿಸುತ್ತದೆ.

ರೈತನ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೆಸರು, ಕಡಲೆ ಮೊಳಕೆಯೊಡೆಯುವಾಗ ಚಿಗರಿ ಹಿಂಡು ನುಗ್ಗಿದರೆ ಒಂದೇ ರಾತ್ರಿಗೆ ಹೊಲ ಖಾಲಿ. ಹೊಲದ ಸುತ್ತ ಹಳೆ ಸೀರೆ ಕಟ್ಟಿ, ರಾತ್ರಿಯೆಲ್ಲ ಕಾವಲು ಕೂತು ರೈತರು ಸುಸ್ತಾಗಿದ್ದಾರೆ. ಕ್ಯಾಮೆರಾದವನಿಗೆ ಬೆಳಗಿನ ಬಿಸಿಲಿನಲ್ಲಿ ಹೊಳೆಯುವ ಆ ಕೊಂಬುಗಳ ಖರ್ಚನ್ನು ಹೊರುತ್ತಿರುವವನು ರೈತ.

ಬಂಕಾಪುರದ ಧಾಮವನ್ನು ಚದರ ಕಿಲೋಮೀಟರಿಗೆ ಇಳಿಸಿದರೆ ಮೂರಕ್ಕೆ ಸ್ವಲ್ಪ ಮೇಲೆ. ದಖ್ಖನ್ನಿನ ಒಂದು ತೋಳದ ಗುಂಪಿನ ಓಡಾಟದ ಸೀಮೆ ನೂರು ಚದರ ಕಿಲೋಮೀಟರನ್ನೂ ದಾಟುತ್ತದೆ. ಅಂದರೆ ಧಾಮದ ತೋಳಗಳು ವರ್ಷದ ಬಹುಪಾಲು ಬದುಕುವುದು ಕನಕಗಿರಿ, ಕುಷ್ಟಗಿ, ಯಲಬುರ್ಗಾದ ರೈತರ ಹೊಲಗಳಲ್ಲಿ, ಕುರುಬರ ಹಿಂಡುಗಳ ಅಂಚಿನಲ್ಲಿ. ಮರಿಗಳನ್ನು ಉಳಿಸಿದ ಸ್ಥಳೀಯರಿಗೆ ಪ್ರೋತ್ಸಾಹಧನ ಕೊಡುವ ಮಾತನ್ನು ಸರ್ಕಾರ ಆಡಿದೆ. ಅದು ಕುರಿ ಕಳೆದುಕೊಂಡವರಿಗೆ ವಾರದೊಳಗೆ ಪರಿಹಾರ ಸಿಗುವ ವ್ಯವಸ್ಥೆಯಾಗಿ ಬೆಳೆಯಬೇಕು. ಪ್ರವಾಸಿ ತೆರುವ ಹಣದಲ್ಲಿ ಕುರಿಗಾಹಿಗೂ ಅಂಬಿಗನಿಗೂ ಮಾರ್ಗದರ್ಶಕರಾಗಿ ನ್ಯಾಯವಾದ ಪಾಲು ಸಿಗಬೇಕು. ಬಂಜರೆಂದು ಬರೆದಿರುವ ಗುಡ್ಡಗಳನ್ನು ಗ್ರಾಮ ಪಂಚಾಯಿತಿಗಳು ಹುಲ್ಲುಗಾವಲು ಎಂದೇ ದಾಖಲಿಸುವಂತಾಗಬೇಕು. ಎಲಿಯಟ್ಟನ ಪಟ್ಟಿಗೆ ಹೆಸರು ಹೇಳಿಕೊಟ್ಟು ತಾವು ಹೆಸರಿಲ್ಲದೆ ಉಳಿದ ಜನರ ಮೊಮ್ಮಕ್ಕಳಿಗೆ, ಈ ಸಲ ಚಿತ್ರದ ಕೆಳಗೆ, ಸಂಬಳದ ಪಟ್ಟಿಯಲ್ಲಿ, ಧಾಮದ ಸಮಿತಿಯಲ್ಲಿ ಜಾಗ ಸಿಗಬೇಕಿದೆ.